ನವೆಯೂ ಮನಸ್ಸಿನ ಬೇಗೆಯೂ



ನವೆಯ ಮಾತನ್ನು ಕೇಳುತ್ತಿರುವಾಗಲೇ ತಮ್ಮ ಕೈ ಕುತ್ತಿಗೆಯ ಕಡೆಗೆ ಹೋದರೆ ನಾಚಬೇಕಾದುದಿಲ್ಲ. ಹಿಂದಿನ ಶತಮಾನದ ಕೊನೆಯಲ್ಲಿ ಜರ್ಮನಿಯ ವೈದ್ಯರು ಒಂದು ಉಪನ್ಯಾಸವನ್ನೇರ್ಪಡಿಸಿ, ಮೊದಲು ಚಿಗಟ ಮೊದಲಾದವುಗಳ ಚಿತ್ರಗಳನ್ನೂ ಅನಂತರ ಹಸುಗೂಸುಗಳ ಚಿತ್ರಗಳನ್ನೂ ತೋರಿಸಿ, ಸಭಿಕರ ಕೈಗಳನ್ನು ಗಮನಿಸಿದರು. ಮೊದಲನೆಯ ಭಾಗದಲ್ಲಿ ಸಭೆ ಹೆಚ್ಚಾಗಿ ಮೈ ಕೆರೆದುಕೊಂಡಿತು!

ಇಷ್ಟರಿಂದ ನವೆಯು ಬರಿಯ ಭ್ರಮೆಯೆಂದು ತಿಳಿಯುವುದು ದೊಡ್ಡ ತಪ್ಪು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯನ್ನು ನೋಡಿರಿ. ಸುಣ್ಣಕಲ್ಲಿನ ನೆಲ, ಹಾಸುಗಲ್ಲಿನ ಗಣಿಗಳು, ಸಿಮೆಂಟಿನ ಕಾರ್ಖಾನೆಗಳು, ಬೇಸಗೆಯಲ್ಲಿ ಬೆಂಕಿಯಂಥ ಬಿಸಿಲು. ಆ ಕಡೆಯ ಮಾತಿನಲ್ಲಿ ನವೆಗೆ ತಿಂಡಿಯೆಂದೇ ಹೆಸರು. ಮೈಸೂರಿನವರಿಗೆ ಇದರಿಂದ ನಗೆ ಬಂದೀತು, ಅನುಭವಿಸುವವರಿಗೆ ಬಾರದು. ನೀರಿನಲ್ಲಿ ಕಲಸಿದ ಸಿಮೆಂಟು ತೀಕ್ಷ್ಣವಾದ ಕ್ಷಾರ. ಅದರಲ್ಲಿ ಅತ್ಯಲ್ಪವಾಗಿ ಕ್ರೋಮಿಯಂ ಲವಣವೂ ಇರುವುದುಂಟು. ಗಾರೆಕೆಲಸದವನ ಚರ್ಮಕ್ಕೆ ಈ ಲವಣವು ಒಮ್ಮೆ ಒಗ್ಗದೆ ಹೋಯಿತೆಂದರೆ, ಮುಂದೆ ಎಳ್ಳಷ್ಟು ಸೋಂಕಿದರೂ ಕೈ ಕೆಂಪೇರಿ ನವೆಯೇಳುತ್ತದೆ. ಯೂರೋಪಿನ ಒಕ್ಕೂಟದಲ್ಲಿ 2005ರಿಂದ ಈ ಲವಣಕ್ಕೆ ಹತ್ತು ಲಕ್ಷದಲ್ಲಿ 2 ಭಾಗದ ಮಿತಿಯನ್ನು ವಿಧಿಸಿದ್ದಾರೆ. ಹೊಲದಲ್ಲಿ ದುಡಿಯುವವರಿಗೆ ಪಾರ್ಥೇನಿಯಂ ಕಳೆಯಿಂದಲೂ ಇಂಥದೇ ಪೀಡೆ.

ಬೇರು ಹೀಗೆ ಹೊರಗಿನದು. ಆದರೆ ಆರು ವಾರಗಳನ್ನು ಮೀರಿ ನಿಂತ ನವೆಗೆ ಚಿಂತೆಯೂ ನೀರೆರೆಯತೊಡಗುತ್ತದೆ. ಮನಸ್ಸು ಉದ್ವೇಗಗೊಂಡಾಗ ನರಗಳ ತುದಿಗಳು ಸ್ರವಿಸುವ ದ್ರವ್ಯಗಳು ಚರ್ಮದೊಳಗಿನ ಕೆಲವು ಕಣಗಳನ್ನು ಕೆರಳಿಸುತ್ತವೆ. ಆ ಕಣಗಳು ನವೆಯನ್ನೆಬ್ಬಿಸುವ ರಸಗಳನ್ನು ಬಿಡುತ್ತವೆ. ಒಡೆದ ಚರ್ಮ ಕೂಡಿಕೊಳ್ಳುವುದೂ ನಿಧಾನವಾಗುತ್ತದೆ. ಕೆರೆದಾಗ ಆಗುವ ನೋವು ನವೆಯನ್ನು ಕ್ಷಣಕಾಲ ಅಡಗಿಸುವುದು ನಿಜ. ಆದರೆ ಉಗುರು ಚರ್ಮವನ್ನು ಇನ್ನಷ್ಟು ಒಡೆಯುತ್ತದೆ. ರಾತ್ರಿಯ ಪಾಡು ಬೇರೆಯೇ. ಹಗಲಿನ ಕೆಲಸದ ಗಲಭೆ ಅಡಗಿ, ಹಾಸಿಗೆಯಲ್ಲಿ ಮೈ ಬೆಚ್ಚಗಾದೊಡನೆ ನವೆಯೊಂದೇ ಎಚ್ಚರವಾಗಿರುತ್ತದೆ. ನಿದ್ರೆಗೆಟ್ಟವನಿಗೆ ನಾಳಿನ ಕೂಲಿಯ ಚಿಂತೆ. ಆ ಚಿಂತೆಯಿಂದ ಮತ್ತೆ ನವೆ. ಇದರ ಮೇಲೆ, ಇದು ಅಂಟುವ ಕಜ್ಜಿಯೆಂದು ಶಂಕಿಸಿ ನೆರೆಯವರು ದೂರ ಸರಿದರೆ ಅವನ ಸಂಕಟಕ್ಕೆ ಮಿತಿಯುಂಟೆ? ಒಗ್ಗದಿಕೆಯ ನವೆ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಕಜ್ಜಿಯಾದರೆ ಅಂಟುತ್ತದೆ, ಅದಕ್ಕೆ ಮದ್ದುಂಟು. ಯಾವುದೆಂಬುದನ್ನು ವೈದ್ಯನು ನೋಡಿ ಹೇಳಬೇಕು. ಮೂತ್ರಪಿಂಡ, ಪಿತ್ತಜನಕಾಂಗಗಳ ರೋಗದಿಂದಲೂ ನವೆ ಬರುವುದರಿಂದ ಈ ಪರೀಕ್ಷೆಯನ್ನು ಮುಂದೂಡಲಾಗದು.

ಚಿಂತೆಯನ್ನು ಬಿಡೆಂದು ಉಪದೇಶಿಸುವುದು ಸುಲಭ, ನಿಷ್ಫಲವೂ ಹೌದು. ಕೈಗೆ ಬೇರೆ ಕೆಲಸವನ್ನು ಕೊಡುವುದು ಮೇಲು. ಸ್ವೀಡನ್ನಿನಲ್ಲಿ 1980ರ ದಶಕದಲ್ಲಿ ಇಸುಬಿನ ರೋಗಿಗಳಿಗೆ ಕೆರೆಯುವ ಚಾಳಿಯನ್ನು ಬಿಡಿಸುವ ಅಭ್ಯಾಸವನ್ನು ಮುಲಾಮಿನೊಡನೆ ಕಲಿಸಿದರು. ಬರಿಯ ಮುಲಾಮು ಹಚ್ಚಿದವರಿಗಿಂತ ಅವರಿಗೆ ಹೆಚ್ಚು ಗುಣ ಕಂಡಿತು. ಈಗ ರೂಢಿಯಲ್ಲಿರುವ ಕ್ರಮದಲ್ಲಿ, ನವೆಯೆದ್ದೊಡನೆ ಮುಷ್ಟಿಯನ್ನು ಬಿಗಿಹಿಡಿದು ಮೂವತ್ತರವರೆಗೆ ಎಣಿಸಬೇಕು. ಆಮೇಲೂ ತಾಳಲಾಗದಿದ್ದರೆ ಆ ಜಾಗವನ್ನು ಕೆರೆಯದೆ ಒತ್ತಿ ಹಿಡಿಯಬೇಕು. ಗಾರೆಕೆಲಸದವನಿಗೆ ಮಾತ್ರ ಇದಕ್ಕೂ ಮೊದಲು ನೀರು ಹಿಡಿಯದ ಒಂದು ಜೊತೆ ಕೈಗವಸು ಬೇಕು, ಕೆಲಸ ಮುಗಿದೊಡನೆ ಕೈ ತೊಳೆಯುವುದಕ್ಕೆ ಸಿಹಿನೀರು ಬೇಕು. ಅವುಗಳನ್ನು ಒದಗಿಸುವ ಭಾರ ಕೆಲಸ ಮಾಡಿಸುವವರದು.