ಅತಿಥಿಗಳನ್ನು ಹಲಸೂರಿಗೂ ಕರೆದೊಯ್ಯೋಣ

ಬೆಂಗಳೂರಿಗೆ ಬಂದವರಿಗೆ ನಾವು ತೋರಿಸುವುದು ಲಾಲ್‌ಬಾಗು, ಅರಮನೆ, ವಿಧಾನಸೌಧ. ಅಷ್ಟಾದ ಮೇಲೆ ಮೈಸೂರಿಗೋ ನಂದಿಬೆಟ್ಟಕ್ಕೋ ಕಳಿಸಿಬಿಡುತ್ತೇವೆ. ಬ್ರಿಟಿಷರ ಸೈನ್ಯ ನೆಲೆಸಿದ್ದ ದಂಡು ಪ್ರದೇಶಕ್ಕೆ (ಕಂಟೋನ್ಮೆಂಟಿಗೆ) ಕರೆದೊಯ್ದರೂ ಅದು ಕಮರ್ಷಿಯಲ್ ಸ್ಟ್ರೀಟಿನ ಖರೀದಿಗೆ, ಇಂದಿರಾನಗರದ ಊಟಕ್ಕೆ. ಇಷ್ಟೊಂದು ಭಾಷೆ, ಇಷ್ಟೊಂದು ಮತಗಳು ಒಂದೇ ಊರಲ್ಲಿ ನೆಲೆಯಾದದ್ದು ಹೇಗೆ ಎಂಬುದನ್ನು ಕಣ್ಣಾರೆ ಕಾಣಲು ನಗರದ ಈ ಪೂರ್ವ ಭಾಗಕ್ಕಿಂತ ಒಳ್ಳೆಯ ಜಾಗವಿಲ್ಲ. ಪ್ರವಾಸಿಯ ಮೊದಲ ದಿನ ಇಲ್ಲಿಗೇ ಸಲ್ಲಬೇಕು.

ಬ್ರಿಟಿಷರ ಪಳೆಯುಳಿಕೆಯನ್ನು ಮೆರೆಸುವುದೇಕೆ ಎಂದು ಕೇಳುವವರಿದ್ದಾರೆ. 1809ರಲ್ಲಿ ದಂಡು ಬಂದಿಳಿದದ್ದು ಖಾಲಿ ಬಯಲಿಗಲ್ಲ. ಹಲಸೂರಿನ ಸೋಮೇಶ್ವರ ಗುಡಿ ಆಗಲೇ ಹಳೆಯದಾಗಿತ್ತು. ಇಂದಿರಾನಗರದ ಮಗ್ಗುಲಿನ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ 13ನೇ ಶತಮಾನದ ಹೊಯ್ಸಳರ ಕಾಲದ ತಮಿಳು ಶಾಸನಗಳಿವೆ. ತಮಿಳು ಇಲ್ಲಿಗೆ ಸೈನ್ಯದ ಬೆನ್ನುಹತ್ತಿ ಬಂತೆಂಬ ಮಾತು ಅರ್ಧ ನಿಜವಷ್ಟೇ. ಸೈನ್ಯ ತಂದದ್ದು ಜನಸಂದಣಿಯನ್ನು: ಸಿಪಾಯಿಗಳು, ಕುದುರೆ ನೋಡುವವರು, ವ್ಯಾಪಾರಿಗಳು, ಕೂಲಿಯವರು. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂತು. 1881ರಲ್ಲಿ ಬ್ರಿಟಿಷರ ಆಡಳಿತದಲ್ಲಿದ್ದ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. 1947ರಲ್ಲಿ ಅದು ಮೈಸೂರು ರಾಜ್ಯಕ್ಕೆ ಮರಳಿ, 1949ರಲ್ಲಷ್ಟೇ ಹಳೆಯ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿನಡಿ ಬಂದವು. ದಂಡಿನ ಶಿವಾಜಿನಗರದಲ್ಲಿ ಆ ಚರಿತ್ರೆ ಕಾಲ್ನಡಿಗೆಯ ದೂರದಲ್ಲೇ ಹರಡಿದೆ. 1882ರಲ್ಲಿ ಮುಗಿದ ಸಂತ ಮೇರಿಯ ಚರ್ಚಿನಲ್ಲಿ ಮರಿಯಮ್ಮ ಸೀರೆ ಉಟ್ಟು ನಿಂತಿದ್ದಾಳೆ. ಸೆಪ್ಟೆಂಬರ್ 8ರ ಹಬ್ಬದ ತೇರಿಗೆ ಎಲ್ಲ ಮತದವರೂ ಸೇರುತ್ತಾರೆ. ಪಕ್ಕದಲ್ಲೇ ರಸೆಲ್ ಮಾರ್ಕೆಟ್, ಸುತ್ತ ಮಸೀದಿಗಳು. ಈ ದಂಡು ಪ್ರದೇಶವನ್ನು ಕಟ್ಟಿಸಿದ್ದರಲ್ಲಿ ಬ್ರಿಟಿಷರ ಪಾಲಿದ್ದರೂ ಬಾಳಿಸಿದ್ದು ಇಲ್ಲಿಯ ಜನ.

ಇವು ಜನ ಬದುಕುವ ಜಾಗಗಳು, ಕ್ಯಾಮೆರಾ ಹಿಡಿದು ನುಗ್ಗುವವರಿಂದ ಕಿರಿಕಿರಿ ಎಂಬ ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಪೂಜೆಯ, ನಮಾಜಿನ, ಪ್ರಾರ್ಥನೆಯ ಹೊತ್ತು ತಪ್ಪಿಸಿ ಹೋಗುವುದು ಕನಿಷ್ಠ ಮರ್ಯಾದೆ. ಆದರೆ ಪ್ರವಾಸಿಗರನ್ನು ದೂರವಿಟ್ಟರೆ ಈ ಜಾಗಗಳು ಉಳಿಯುತ್ತವೆ ಎನ್ನಲಾಗದು. 2012ರಲ್ಲಿ ರಸೆಲ್ ಮಾರ್ಕೆಟ್ಟಿಗೆ ಬೆಂಕಿ ಬಿದ್ದಿತು. ವ್ಯಾಪಾರಿಗಳು ಮತ್ತೆ ಅಂಗಡಿ ಹೂಡಿದರು. ನೋಡುವ ಕಣ್ಣುಗಳು ಹೆಚ್ಚಿದಷ್ಟೂ ಇಂಥ ಕಟ್ಟಡದ ದುರಸ್ತಿಯನ್ನು ಮುಂದೂಡುವುದು ಕಷ್ಟವಾಗುತ್ತದೆ. ಇಂಥ ಕೇರಿಯನ್ನೇ ಕಳೆದುಕೊಂಡ ಊರೂ ಇದೆ: ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹಲವು ಜನಾಂಗದವರು ಕೂಡಿ ಬಾಳಿದ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಕೇರಿಯನ್ನು ಅಲ್ಲಿನ ಸರ್ಕಾರ 1966ರಲ್ಲಿ ಬಿಳಿಯರಿಗೆ ಮೀಸಲೆಂದು ಸಾರಿ, 60,000ಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿತು. 1994ರಲ್ಲಿ ತೆರೆದ ಅದರ ಮ್ಯೂಸಿಯಮ್ಮಿಗೆ ಇಂದು ಆ ಊರಿನ ಟೇಬಲ್ ಮೌಂಟನ್ ಬೆಟ್ಟ ನೋಡಲು ಬಂದವರೂ ಹೋಗುತ್ತಾರೆ. ಅಲ್ಲಿ ಕೇರಿ ಹೋಗಿ ಮ್ಯೂಸಿಯಂ ಉಳಿದಿದೆ. ನಮ್ಮಲ್ಲಿ ಕೇರಿಯೇ ಇದೆ!

ಹೋಗಿಬರುವುದೂ ಈಗ ಸುಲಭ. ನಮ್ಮ ಮೆಟ್ರೊ 2011ರಲ್ಲಿ ಮೊದಲು ಓಡಿದ್ದೇ ಬೈಯಪ್ಪನಹಳ್ಳಿ, ಇಂದಿರಾನಗರ, ಹಲಸೂರಿನ ಹಾದಿಯಲ್ಲಿ, 2023ರಲ್ಲಿ ಕೆ.ಆರ್. ಪುರವೂ ಅದಕ್ಕೆ ಸೇರಿತು. ಇನ್ನು ಬೇಕಾದದ್ದು ದೊಡ್ಡ ಯೋಜನೆಯೇನಲ್ಲ: ದೊಮ್ಮಲೂರಿನ ಶಾಸನಗಳ ಸಾರವನ್ನು ಕನ್ನಡದಲ್ಲಿ ಹೇಳುವ ಒಂದು ಫಲಕ, ಮಾರ್ಕೆಟ್ಟಿನ ಬಳಿ ಚೊಕ್ಕವಾದ ಶೌಚಾಲಯ, ಹಲಸೂರು ಸ್ಟೇಷನ್ನಿನಿಂದ ಸೋಮೇಶ್ವರ ಗುಡಿಯವರೆಗೆ ನಡೆಯಲಾಗುವ ಫುಟ್‌ಪಾತು.