ಹಳೆಯ ಜೀಪಿನ ಬಾಡಿಯ ಬಣ್ಣ ಮತ್ತು ತುಕ್ಕು ತೆಗೆಯುವ ಮಿತವ್ಯಯದ ವಿಧಾನಗಳು

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಭಾಗದ ಅಡಿಕೆ ತೋಟಗಳಲ್ಲಿ ಗೊಬ್ಬರ, ಸೊಪ್ಪು, ಸಿಂಪರಣಾ ಪಂಪು ಮತ್ತು ಫಸಲಿನ ಸಾಗಾಣಿಕೆಗೆ ಹಳೆಯ ಜೀಪುಗಳು ಇಂದಿಗೂ ಬಳಕೆಯಲ್ಲಿವೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿದಂದಿನಿಂದ ಈ ಮಾದರಿಯ ವಾಹನಗಳು ಗುಡ್ಡಗಾಡು ರಸ್ತೆಗಳಿಗೆ ಒಗ್ಗಿಕೊಂಡಿವೆ. ಎಂಜಿನ್ ಸುಸ್ಥಿತಿಯಲ್ಲಿದ್ದರೂ ಬಾಡಿ ತುಕ್ಕು ಹಿಡಿದ ಕಾರಣಕ್ಕೆ ಅನೇಕ ವಾಹನಗಳು ಗುಜರಿಗೆ ಸೇರುತ್ತಿವೆ. ಸಕಾಲದಲ್ಲಿ ತುಕ್ಕು ತೆಗೆದು ಬಣ್ಣ ಬಳಿದರೆ ಈ ನಷ್ಟವನ್ನು ತಪ್ಪಿಸಬಹುದು.

ತುಕ್ಕು ಹೆಚ್ಚಲು ಕಾರಣಗಳು

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಒಟ್ಟಿಗೆ ತಗಲಿದಾಗ ತುಕ್ಕು ಉಂಟಾಗುತ್ತದೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಈ ಜಿಲ್ಲೆಯಲ್ಲಿ ತೇವಾಂಶವೇ ಮೊದಲ ಶತ್ರು. ಇದರೊಂದಿಗೆ ಕೃಷಿಯ ಸಾಮಗ್ರಿಗಳೂ ಪರಿಣಾಮ ಬೀರುತ್ತವೆ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಮತ್ತು ಹಸಿ ಸಗಣಿಯ ತೇವ ತುಕ್ಕನ್ನು ತೀವ್ರಗೊಳಿಸುತ್ತವೆ.

ಕೊಳೆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತು ವಿಶೇಷವಾಗಿ ಹಾನಿಕರ. ದ್ರಾವಣ ಹದವಾಗಿದೆಯೇ ಎಂದು ನೋಡಲು ಹೊಳಪಿನ ಕತ್ತಿಯನ್ನು ಅದರಲ್ಲಿ ಅದ್ದುವ ಪರೀಕ್ಷೆ ತಮಗೆ ತಿಳಿದೇ ಇದೆ. ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ಕೆಂಪು ತಾಮ್ರ ಕೂರುತ್ತದೆ. ಅಷ್ಟು ತಾಮ್ರ ಕೂರುವಾಗ ಕಬ್ಬಿಣ ಕರಗಿ ಹೋಗಿರುತ್ತದೆ. ಮೈಲುತುತ್ತಿನ ನೀರು ಜೀಪಿನ ತಳದಲ್ಲಿ ಚೆಲ್ಲಿದಾಗಲೂ ಇದೇ ಕ್ರಿಯೆ ನಡೆಯುತ್ತದೆ. ಆದುದರಿಂದ ಸಿಂಪರಣೆಯ ದಿನ ಸಂಜೆಯೇ ವಾಹನವನ್ನು ಶುದ್ಧ ನೀರಿನಿಂದ ತೊಳೆಯುವುದು ಅವಶ್ಯ.

ಕಾಲ ಮತ್ತು ಸ್ಥಳದ ಆಯ್ಕೆ

ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ಹವೆ ಈ ಕೆಲಸಕ್ಕೆ ಸೂಕ್ತ. ಆದರೆ ಅದೇ ಅವಧಿಯಲ್ಲಿ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಹಳೆಯ ವಾಹನಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ ಮಿತಗೊಳಿಸುವ ನಿಯಮ ಭಾರತದಲ್ಲಿ ರೂಪುಗೊಂಡುದು 2016ರಲ್ಲಿ. ಅದಕ್ಕೂ ಹಿಂದೆ ಬಳಿದ ವಾಹನದ ಬಣ್ಣವನ್ನು ಸೀಸಯುಕ್ತವೆಂದೇ ಭಾವಿಸಿ ಎಚ್ಚರ ವಹಿಸಬೇಕು. ಬಾಯಿಗೆ ಹಾಕುವ ಅಡಿಕೆಯ ಮೇಲೆ ಈ ಧೂಳು ಕೂರಬಾರದು. ಅಂಗಳ, ಹಟ್ಟಿ ಮತ್ತು ಬಾವಿಯಿಂದ ದೂರದಲ್ಲಿ, ಟಾರ್ಪಾಲು ಹಾಸಿ ಕೆಲಸ ಮಾಡಬೇಕು.

ಜಾನುವಾರುಗಳು ಬಣ್ಣದ ಚಕ್ಕೆಯನ್ನು ನೆಕ್ಕುವ ಸ್ವಭಾವವುಳ್ಳವು. ಸೀಸದ ವಿಷದಿಂದ ಕರುಗಳಲ್ಲಿ ಕುರುಡು, ಹಲ್ಲು ಕಡಿಯುವಿಕೆ, ಸೆಳೆತ ಹಾಗೂ ಸಾವು ಸಂಭವಿಸುತ್ತದೆ. ಇಂತಹ ಲಕ್ಷಣ ಕಂಡಲ್ಲಿ ತಡಮಾಡದೆ ಪಶುವೈದ್ಯರನ್ನು ಕರೆಯಬೇಕು.

ಬಣ್ಣ ತೆಗೆಯುವ ವಿಧಾನಗಳು

ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಇಂಧನ ಟ್ಯಾಂಕು, ಸೀಟು ಮತ್ತು ದೀಪಗಳನ್ನು ಬಿಚ್ಚಿಡಬೇಕು. ಬಾಡಿಯನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಬೇಕು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ತೂತು ಬೀಳುವ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಅಲ್ಲಿ ತುಕ್ಕು ತೆಗೆಯುವ ಶ್ರಮ ವ್ಯರ್ಥ.

1. ಕೆರೆಯುವಿಕೆ: ಸ್ಕ್ರೇಪರ್‌ನಿಂದ ಸಡಿಲ ಬಣ್ಣ ತೆಗೆದು, ನೀರು ಹಾಕುತ್ತ 80, ಅನಂತರ 120 ಸಂಖ್ಯೆಯ ವಾಟರ್ ಪೇಪರ್‌ನಿಂದ ಉಜ್ಜಬೇಕು. ಇದು ಅತಿ ಅಗ್ಗದ ವಿಧಾನ. ಒದ್ದೆಯಾಗಿ ಉಜ್ಜುವುದರಿಂದ ಧೂಳೂ ಏಳುವುದಿಲ್ಲ.

2. ಗ್ರೈಂಡರ್: ತಂತಿ ಬ್ರಷ್ ಜೋಡಿಸಿದ ಗ್ರೈಂಡರ್‌ನಿಂದ ಕೆಲಸ ಬೇಗ ಸಾಗುತ್ತದೆ. ಒಂದೇ ಕಡೆ ಹೆಚ್ಚು ಹೊತ್ತು ಹಿಡಿದರೆ ತಗಡು ಕಾದು ಸೊಟ್ಟಗಾಗುತ್ತದೆ. ಕನ್ನಡಕ ಮತ್ತು ಸೂಕ್ಷ್ಮ ಧೂಳು ತಡೆಯುವ ಮುಖಗವಸು ಕಡ್ಡಾಯ.

3. ಕಾಸ್ಟಿಕ್ ಸೋಡಾ: ಬಿಚ್ಚಿದ ಸಣ್ಣ ಭಾಗಗಳಿಗೆ ಉಪಯುಕ್ತ. ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾಕ್ಕೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಭಾಗಗಳಿಗೆ ಇದನ್ನು ಬಳಸಬಾರದು.

ಮರಳು ಸಿಡಿಸುವ ಯಂತ್ರ ಚಾಸಿಯಂತಹ ದಪ್ಪ ಭಾಗಕ್ಕೆ ಮಾತ್ರ ತಕ್ಕುದು. ತೆಳು ತಗಡು ಉಬ್ಬಿ ಹಾಳಾಗುತ್ತದೆ. ಸಾಮಾನ್ಯ ಮರಳಿನ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ಗುಣವಾಗದ ರೋಗ ತರುತ್ತದೆ. ಮನೆಯಲ್ಲಿ ಇದನ್ನು ಮಾಡಲೇಬಾರದು.

ತುಕ್ಕು ತೆಗೆಯುವ ವಿಧಾನಗಳು

1. ಸಿಟ್ರಿಕ್ ಆಮ್ಲ: ಲೀಟರ್ ನೀರಿಗೆ 50 ಗ್ರಾಂ ಬೆರೆಸಿ, ಭಾಗಗಳನ್ನು ರಾತ್ರಿಯಿಡೀ ಮುಳುಗಿಸಿಡಬೇಕು. ದೊಡ್ಡ ತಗಡಿಗೆ ಇದೇ ದ್ರಾವಣದಲ್ಲಿ ಅದ್ದಿದ ಬಟ್ಟೆ ಹೊದಿಸಿ, ಒಣಗದಂತೆ ಪ್ಲಾಸ್ಟಿಕ್ ಮುಚ್ಚಬೇಕು. ಹಿರಿಯರು ಕಿಲುಬು ತೆಗೆಯಲು ಬಳಸುತ್ತಿದ್ದ ಹುಣಸೆ, ಬಿಂಬುಳಿಗಳ ಗುಣವೂ ಇಂತಹ ಆಮ್ಲಗಳಿಂದಲೇ ಬಂದುದು.

2. ಕಾಕಂಬಿ: ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಸೇರಿಸಿ ಒಂದೆರಡು ವಾರ ನೆನೆಸಿದರೆ ತುಕ್ಕು ಬಿಡುತ್ತದೆ. ನಿಧಾನವಾದರೂ ಲೋಹಕ್ಕೆ ಹಿತಕರ.

3. ವಿದ್ಯುತ್ ವಿಧಾನ: ಪ್ಲಾಸ್ಟಿಕ್ ತೊಟ್ಟಿಯಲ್ಲಿ 20 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, 12 ವೋಲ್ಟಿನ ಬ್ಯಾಟರಿ ಚಾರ್ಜರ್‌ನ ಋಣ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೂ ಧನ ತಂತಿಯನ್ನು ಹಳೆಯ ಕಬ್ಬಿಣದ ತುಂಡಿಗೂ ಜೋಡಿಸಬೇಕು. ಎರಡೂ ಪರಸ್ಪರ ತಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ವಿಷಕಾರಿ ಕ್ರೋಮಿಯಂ ಉಂಟಾಗುತ್ತದೆ. ಜಲಜನಕ ಅನಿಲ ಹೊರಡುವುದರಿಂದ ಬಯಲಿನಲ್ಲಿ, ಬೆಂಕಿಯಿಂದ ದೂರ ನಡೆಸಬೇಕು.

ಸ್ಪ್ರಿಂಗ್ ಪಟ್ಟಿ, ಸ್ಟೇರಿಂಗ್ ಹಾಗೂ ಬ್ರೇಕಿನ ಭಾಗಗಳನ್ನು ಆಮ್ಲದಲ್ಲಾಗಲಿ ವಿದ್ಯುತ್ ತೊಟ್ಟಿಯಲ್ಲಾಗಲಿ ಇಡಬಾರದು. ಗಟ್ಟಿ ಉಕ್ಕು ಜಲಜನಕವನ್ನು ಹೀರಿ ಪೆಡಸಾಗಿ ಮುರಿಯಬಹುದು. ಘಾಟಿಯ ಇಳಿಜಾರಿನಲ್ಲಿ ಇದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ.

ತುಕ್ಕು ತೆಗೆದ ನಂತರ

ಆಮ್ಲ ಬಳಸಿದ ಭಾಗವನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ, ಬಳಿಕ ಶುದ್ಧ ನೀರಿನಿಂದ ತೊಳೆದು ಕೂಡಲೇ ಒಣಗಿಸಬೇಕು. ಕರಾವಳಿಯ ಹವೆಯಲ್ಲಿ ಬರಿಯ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಾಗುತ್ತದೆ. ಆದುದರಿಂದ ಒಂದು ದಿನದಲ್ಲಿ ಪ್ರೈಮರ್ ಬಳಿಯಲು ಸಾಧ್ಯವಾಗುವಷ್ಟು ಭಾಗವನ್ನು ಮಾತ್ರ ಕೈಗೆತ್ತಿಕೊಳ್ಳಬೇಕು. ಎಪಾಕ್ಸಿ ಪ್ರೈಮರ್ ಉತ್ತಮ. ಕಡಿಮೆ ವೆಚ್ಚಕ್ಕೆ ರೆಡ್ ಆಕ್ಸೈಡ್ ಆಗಬಹುದು, ಆದರೆ ಅದು ತಾನೇ ನೀರನ್ನು ಪೂರ್ಣವಾಗಿ ತಡೆಯದ ಕಾರಣ ಮೇಲೆ ಎನಾಮಲ್ ಬಣ್ಣ ಅವಶ್ಯ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿದರೆ ಒಳಗೊಳಗೇ ಕೊರೆತ ಮುಂದುವರಿಯುತ್ತದೆ.

ಗಮನಿಸಬೇಕಾದ ಅಂಶಗಳು

• ಚಾಸಿ ಸಂಖ್ಯೆ ಕೊರೆದಿರುವ ಜಾಗವನ್ನು ಗ್ರೈಂಡರ್‌ನಿಂದ ಉಜ್ಜಬಾರದು.
• ಬೇರೆ ಬಣ್ಣ ಬಳಿಯುವುದಿದ್ದರೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು.
• ಬಣ್ಣದ ಚಕ್ಕೆ ಮತ್ತು ಕೆಸರನ್ನು ಸುಡಬಾರದು, ತೋಟಕ್ಕೆ ಸುರಿಯಬಾರದು. ನಮ್ಮ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಂಗಿ ಬಾವಿಗೆ ಸೇರುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟು, ಸ್ಥಳೀಯ ಸಂಸ್ಥೆಯ ಅಪಾಯಕಾರಿ ಕಸದ ವ್ಯವಸ್ಥೆಗೆ ಒಪ್ಪಿಸಬೇಕು.
• ಬಾಡಿಯ ತಳದಲ್ಲಿ ನೀರು ಬಸಿಯುವ ರಂಧ್ರಗಳನ್ನು ಪ್ರತಿ ಮಳೆಗಾಲಕ್ಕೆ ಮೊದಲು ತೆರೆದಿಡಬೇಕು.