ಎರಡನೇ ಟ್ರ್ಯಾಕ್‌ನಿಂದ

ಸಿಪಿಯು ಡಬ್ಬದ ಪಕ್ಕದ ತಗಡು ಬಿಚ್ಚಿದಾಗ ಒಳಗೆ ಕಂಡದ್ದು ದೂಳು, ಚಪ್ಪಟೆ ಕೇಬಲ್ಲುಗಳು, ಒಂದು ಸತ್ತ ಜಿರಳೆ. ಕಾಣಬೇಕಾಗಿದ್ದು, ಕಾಣದೇ ಹೋದದ್ದು ಒಂದು ವೈರು. ಸಿ.ಡಿ. ಡ್ರೈವಿನ ಬೆನ್ನಿನಿಂದ ಸೌಂಡ್ ಕಾರ್ಡಿಗೆ ಹೋಗುವ, ಜನಿವಾರಕ್ಕಿಂತ ತುಸು ದಪ್ಪನೆಯ ವೈರು. ಕಂಪ್ಯೂಟರ್ ಜೋಡಿಸಿಕೊಟ್ಟವರು ಅದನ್ನು ಹಾಕುವುದನ್ನೇ ಮರೆತಿದ್ದರು. ನಾನು ಹೆಚ್ಚುಕಡಿಮೆ ಎಂಟು ತಿಂಗಳು ‘ಕ್ವೇಕ್’ ಆಟವನ್ನು ಸಂಗೀತವಿಲ್ಲದೆ ಆಡಿದ್ದೆ.

ಅನುಮಾನ ಬರುವಂತೆಯೂ ಇರಲಿಲ್ಲ. ಸದ್ದಿಗೇನೂ ಬರವಿರಲಿಲ್ಲವಲ್ಲ! ಬಂದೂಕು ಸಿಡಿಯುತ್ತಿತ್ತು, ಕಲ್ಲಿನ ಬಾಗಿಲು ಕಿರುಗುಟ್ಟುತ್ತಿತ್ತು, ಗರಗಸ ಹಿಡಿದ ರಾಕ್ಷಸ ಮೂಲೆಯಿಂದ ಗುರ್ರೆನ್ನುತ್ತಿದ್ದ. ಆಟದ ಸದ್ದುಗಳಿಗೆ ಒಂದು ದಾರಿ, ಸಂಗೀತಕ್ಕೆ ಇನ್ನೊಂದು ದಾರಿ ಎಂದು ಸಾಗರದಂಥ ಊರಿನ ಪಿಯುಸಿ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಸದ್ದುಗಳು ಪ್ರೋಗ್ರಾಮಿನ ಜೊತೆ ಬರುತ್ತವೆ. ಸಂಗೀತವನ್ನು ಮಾತ್ರ ಡ್ರೈವು ತಾನೇ ಒಂದು ಟೇಪ್‌ರೆಕಾರ್ಡರ್ ಎನ್ನುವ ಹಾಗೆ ನುಡಿಸಿ, ಆ ಸಣ್ಣ ವೈರಿನಲ್ಲಿ ಹರಿಯಬಿಡುತ್ತದೆ.

ಗುಟ್ಟು ರಟ್ಟಾದದ್ದು ಡ್ರೈವಿನ ಮೂತಿಯಲ್ಲಿದ್ದ ಒಂದು ತೂತಿನಿಂದ. ಆಗಿನ ಡ್ರೈವುಗಳ ಮುಂಭಾಗದಲ್ಲಿ ಹೆಡ್‌ಫೋನ್ ಚುಚ್ಚಲು ಜಾಗ, ಪಕ್ಕದಲ್ಲೇ ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಗಾಲಿ ಇರುತ್ತಿತ್ತು. ಒಂದು ಸಂಜೆ ಕೆಲಸವಿಲ್ಲದೆ ವಾಕ್‌ಮನ್ನಿನ ಹೆಡ್‌ಫೋನ್ ಅಲ್ಲಿಗೆ ಚುಚ್ಚಿದೆ. ಆಟ ನಡೆದಿತ್ತು. ಗುಂಡಿನ ಸದ್ದು ಎದುರಿನ ಸ್ಪೀಕರಿನಿಂದ, ದೂರದಿಂದ ಬರುತ್ತಿತ್ತು. ಕಿವಿಯೊಳಗೆ ಬೇರೆಯೇ ಏನೋ ನಡೆದಿತ್ತು. ಬಾವಿಯ ತಳದಲ್ಲಿ ಯಾರೋ ಕಬ್ಬಿಣ ಎಳೆದ ಹಾಗೆ, ಅದರ ಕೆಳಗೆ ಎಡೆಬಿಡದ ಒಂದು ಗುಂಯ್‌ಕಾರ. ನಾನು ಕೀಬೋರ್ಡಿನಿಂದ ಕೈ ತೆಗೆದೆ. ರಾಕ್ಷಸ ಬಂದು ಕೊಂದ. ಸತ್ತ ಮೇಲೂ ಸಂಗೀತ ನಿಲ್ಲಲಿಲ್ಲ.

ಆಟದ ತಟ್ಟೆಯೂ ಹಾಡಿನ ತಟ್ಟೆಯೂ ಒಂದೇ ಜಾತಿಯವು. ಹಾಡಿನ ಸಿ.ಡಿ. ಒಂದು ಸೆಕೆಂಡಿನ ನಾದವನ್ನು 44,100 ಚೂರು ಮಾಡಿ ಬರೆದಿಟ್ಟುಕೊಳ್ಳುತ್ತದೆ, ಎಡಕ್ಕೊಂದು ಬಲಕ್ಕೊಂದು. ಲೆಕ್ಕ ಹಾಕಿದರೆ ಸೆಕೆಂಡಿಗೆ 1,76,400 ಬೈಟ್. ನಿಂಟೆಂಡೋದ ಮೊದಲ ‘ಸೂಪರ್ ಮಾರಿಯೋ’ ಆಟವಿದೆಯಲ್ಲ, ಅದರ ಕೊಳವೆ, ಅಣಬೆ, ಮೋಡ, ಕೋಟೆ, ರಾಗ ಎಲ್ಲ ಸೇರಿ 40 ಕಿಲೋಬೈಟ್. ಅಂದರೆ ಸಿ.ಡಿ.ಯಲ್ಲಿ ಕಾಲು ಸೆಕೆಂಡು ಹಾಡುವಷ್ಟು ಜಾಗದಲ್ಲಿ ಮಾರಿಯೋನ ಇಡೀ ಲೋಕ ಕೂತು, ಇನ್ನೂ ಸ್ವಲ್ಪ ಮಿಗುತ್ತಿತ್ತು. ಅಷ್ಟರಲ್ಲೇ ಕೋಜಿ ಕೊಂಡೋ ಕಟ್ಟಿದ ರಾಗವನ್ನು ಜಗತ್ತು ಇವತ್ತಿಗೂ ಗುನುಗುತ್ತದೆ. ಹಾಗಾಗಿ ಚಿಪ್ಪಿನ ಸಂಗೀತವನ್ನು ಬಡ ಸಂಗೀತ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ರಾಗಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಇಲ್ಲದ್ದು ಉಸಿರು: ತಂತಿಯ ಮೇಲೆ ಬೆರಳು ಜಾರುವುದು, ಡೋಲು ಬಾರಿಸಿದ ಕೋಣೆ ಎಷ್ಟು ದೊಡ್ಡದೆಂದು ಕಿವಿಗೆ ತಿಳಿಯುವುದು.

ಆ ಉಸಿರು ಮೊದಲು ಸಿಕ್ಕಿದ್ದು ಜಪಾನಿನ ಮಕ್ಕಳಿಗೆ. 1988ರ ಡಿಸೆಂಬರಿನಲ್ಲಿ ಎನ್‌ಇಸಿಯ ಪಿ.ಸಿ. ಎಂಜಿನ್ ಎಂಬ ಆಟದ ಪೆಟ್ಟಿಗೆಗೆ ಸಿ.ಡಿ. ಯಂತ್ರ ಅಂಟಿಕೊಂಡು ಬಂತು. ಮರುವರ್ಷ ‘ಈಸ್’ ಆಟದ ಒಂದು ಮತ್ತು ಎರಡನೇ ಭಾಗ ಒಂದೇ ತಟ್ಟೆಯಲ್ಲಿ ಬಂದವು. ಯೂಜೋ ಕೋಶಿರೋ ಮತ್ತು ಜೊತೆಗಾರರು ಸಣ್ಣ ಕಂಪ್ಯೂಟರುಗಳ ಚಿಪ್ಪಿಗಾಗಿ ಹೊಸೆದಿದ್ದ ರಾಗಗಳನ್ನೇ ರಿಯೋ ಯೋನೆಮಿತ್ಸು ಗಿಟಾರು, ಡ್ರಮ್ಮುಗಳ ಅಬ್ಬರ ತೊಡಿಸಿ ಹೊಸದಾಗಿ ಜೋಡಿಸಿದರು. ಜಾತ್ರೆಯ ಪೀಪಿಯಲ್ಲಿ ಕೇಳಿ ಬಾಯಿಪಾಠವಾದ ರಾಗ ಒಂದು ದಿನ ನಾಗಸ್ವರದಲ್ಲಿ ಎದುರಾದರೆ ಹೇಗಿರುತ್ತದೆ? ರಾಗ ಗೊತ್ತಿರುವುದರಿಂದಲೇ ಕಿವಿ ಬೇರೆಯದನ್ನು ಹುಡುಕತೊಡಗುತ್ತದೆ.

ಎಲ್ಲವೂ ಸೊಗಸಾಗಿತ್ತು ಎಂದಲ್ಲ. ಚಿಪ್ಪಾದರೆ ಶತ್ರು ಕಂಡ ಕ್ಷಣವೇ ತಾಳ ಬದಲಿಸಬಲ್ಲದು. ಸಿ.ಡಿ.ಗೆ ಆ ಚುರುಕಿಲ್ಲ. ಟ್ರ್ಯಾಕ್ ಮುಗಿಯಿತೆಂದರೆ ಲೇಸರು ಟಿಕ್‌ಟಿಕ್ ಎನ್ನುತ್ತ ಮೊದಲಿಗೆ ವಾಪಸು ಹೋಗಬೇಕು. ಅಲ್ಲಿಯವರೆಗೆ ಘನಘೋರ ಕಾಳಗದ ನಡುವೆಯೂ ಮೌನ. ಸೆಗಾದವರದು ಇನ್ನೊಂದು ಕತೆ. 1993ರ ‘ಸೋನಿಕ್ ಸಿ.ಡಿ.’ಗೆ ಜಪಾನಿನಲ್ಲಿ ಒಂದು ಸಂಗೀತ, ಅಮೆರಿಕಕ್ಕೆ ಬೇರೊಂದು. ಯಾವುದು ಮೇಲು ಎಂಬ ಜಗಳ ಇನ್ನೂ ಇತ್ಯರ್ಥವಾಗಿಲ್ಲ.

ಪ್ಲೇಸ್ಟೇಷನ್ ಜಪಾನಿನಲ್ಲಿ ಅಂಗಡಿಗೆ ಬಂದದ್ದು 1994ರ ಡಿಸೆಂಬರ್ 3ರಂದು, ‘ರಿಡ್ಜ್ ರೇಸರ್’ ಎಂಬ ಕಾರೋಟದ ಜೊತೆ. ಆ ಆಟ ಪೂರ್ತಿಯಾಗಿ ಯಂತ್ರದ ನೆನಪಿನೊಳಗೆ ಇಳಿದುಬಿಡುತ್ತಿತ್ತು. ಆಮೇಲೆ ತಟ್ಟೆ ತೆಗೆದು ನಿಮ್ಮದೇ ಹಾಡಿನ ಸಿ.ಡಿ. ಹಾಕಿ, ಆ ಹಾಡಿಗೆ ಕಾರು ಓಡಿಸಬಹುದಿತ್ತು. ನಮ್ಮೂರಲ್ಲಿ ಆ ಯಂತ್ರ ಇದ್ದಿದ್ದರೆ ಖಂಡಿತ ಯಾರಾದರೂ ಹಂಸಲೇಖರ ಹಾಡು ಹಾಕಿ ತಿರುವಿನಲ್ಲಿ ಕಾರು ಜಾರಿಸುತ್ತಿದ್ದರು. ಸಿ.ಡಿ.ಯನ್ನು ಫಿಲಿಪ್ಸ್ ಜೊತೆ ಸೇರಿ ರೂಪಿಸಿದ್ದ ಸೋನಿಯೇ ಈ ಪೆಟ್ಟಿಗೆಯನ್ನೂ ಮಾಡಿದ್ದು. ಬೆನ್ನಲ್ಲಿ ಕೆಂಪು, ಬಿಳಿ ತೂತುಗಳಿದ್ದ ಮೊದಮೊದಲ ಪ್ಲೇಸ್ಟೇಷನ್‌ಗಳನ್ನು ನಾದದ ಹುಚ್ಚಿನವರು ಎಷ್ಟೋ ವರ್ಷಗಳ ನಂತರ ಹುಡುಕಿ ಕೊಂಡರು. ಆಡಲಿಕ್ಕಲ್ಲ, ಹಾಡು ಕೇಳಲಿಕ್ಕೆ.

ನನ್ನ ತಟ್ಟೆಗೆ ಬರುತ್ತೇನೆ. ಟೆಕ್ಸಾಸಿನ ಐಡಿ ಸಾಫ್ಟ್‌ವೇರ್ 1996ರಲ್ಲಿ ತಂದ ಕ್ವೇಕ್‌ಗೆ ನಾದ ಕೊಟ್ಟವನು ಟ್ರೆಂಟ್ ರೆಜ್ನರ್. ಅವನ ಬ್ಯಾಂಡು ನೈನ್ ಇಂಚ್ ನೇಲ್ಸ್. ಆಟದಲ್ಲಿ ಮೊಳೆ ಹಾರಿಸುವ ಬಂದೂಕೊಂದಿತ್ತು. ಆ ಮೊಳೆಪೆಟ್ಟಿಗೆಯ ಮೇಲಿನ ಮೂರಕ್ಷರ ಆ ಬ್ಯಾಂಡಿನ ಗುರುತು ಎಂದು ತಿಳಿದದ್ದು ನಾನು ಹಾಸ್ಟೆಲ್ ಸೇರಿದ ಮೇಲೆ. ಸಂತೆಯಲ್ಲಿ ಸಿಗುತ್ತಿದ್ದ ಕಳ್ಳ ಸಿ.ಡಿ.ಗಳಲ್ಲಿ ಹತ್ತು ಆಟ ತುರುಕುವ ಆಸೆಗೆ ಸಂಗೀತವನ್ನೇ ಕತ್ತರಿಸಿರುತ್ತಿದ್ದರು. ನನ್ನದು ಗೆಳೆಯನ ಅಣ್ಣ ಅಮೆರಿಕದಿಂದ ತಂದ ಅಸಲಿ. ಮೊದಲ ಟ್ರ್ಯಾಕಿನಲ್ಲಿ ಆಟ, ಎರಡರಿಂದ ಹನ್ನೊಂದರವರೆಗೆ ಸಂಗೀತ.

ಲಿಂಗನಮಕ್ಕಿ ಪಕ್ಕದಲ್ಲೇ ಇದ್ದರೂ ನಮ್ಮೂರಿನ ಕರೆಂಟಿನ ಕತೆ ಹೇಳಬಾರದು. ಜುಲೈ ತಿಂಗಳ ಒಂದು ರಾತ್ರಿ, ಹೊರಗೆ ಮಳೆ ಹೊಯ್ಯುತ್ತಿದ್ದಾಗ, ಕರೆಂಟ್ ಹೋಯಿತು. ಕಂಪ್ಯೂಟರ್ ಸತ್ತಿತು. ಮಾವ ಮಸ್ಕತ್ತಿನಿಂದ ತಂದುಕೊಟ್ಟಿದ್ದ ಸೆಲ್ ಹಾಕುವ ಸಿ.ಡಿ. ಪ್ಲೇಯರ್ ಜಗಲಿಯಲ್ಲಿತ್ತು. ಆಟದ ತಟ್ಟೆಯನ್ನೇ ಅದರಲ್ಲಿಟ್ಟು ಗುಂಡಿ ಒತ್ತಿದೆ. ಮೊದಲ ಟ್ರ್ಯಾಕ್ ಕರ್ರ್ ಎಂದು ತಗಡು ಹರಿದ ಹಾಗೆ ಅರಚಿತು.

‘ಮಾಣಿ, ಏನೋ ಅದು? ಬೆಕ್ಕು ಸಿಕ್ಕಿಹಾಕ್ಕೊಂಡ್ತಾ?’ ಒಳಗಿನಿಂದ ಅಮ್ಮಮ್ಮ.

ಹಾರಿಸಿ ಮುಂದಕ್ಕೆ ಹೋದೆ. ಅಮ್ಮಮ್ಮ ಚಿಮಣಿ ಬುಡ್ಡಿ ಹಿಡಿದು ಬಂದು ಕಂಬಕ್ಕೊರಗಿ ಕೂತಳು. ಮದುವೆಗೆ ಮುಂಚೆ ಸಂಗೀತ ಕಲಿತವಳು. ತಂಬೂರಿಯೊಂದು ಹಳೆ ಸೀರೆ ಸುತ್ತಿಸಿಕೊಂಡು ಅಟ್ಟದ ಮೇಲಿತ್ತು, ಅದನ್ನು ಮೀಟಿದ್ದು ನಾನು ನೋಡಿರಲಿಲ್ಲ. ಬೈಗುಳ ಬರುತ್ತದೆಂದು ಕಾದೆ. ಅವಳು ತಲೆ ಒಂದು ಕಡೆ ವಾಲಿಸಿ ಕೇಳುತ್ತಲೇ ಇದ್ದಳು. ಗಾಳಿ ಬೀಸಿದಂಥ ಸದ್ದು, ಎಲ್ಲೋ ಪಿಸುಮಾತು, ತಳದಲ್ಲಿ ಆ ಗುಂಯ್‌ಕಾರ. ಆಟವಿಲ್ಲದೆ, ಕೈಗೆ ಕೆಲಸವಿಲ್ಲದೆ ನಾನೂ ಅದನ್ನು ಸುಮ್ಮನೆ ಕೂತು ಕೇಳಿದ್ದು ಅದೇ ಮೊದಲು. ಒಂದೇ ಸ್ವರ ಅಂದುಕೊಂಡದ್ದರೊಳಗೆ ಇನ್ನೆರಡು ಕದಲುತ್ತಿದ್ದವು.

‘ಇದರಲ್ಲಿ ಶ್ರುತಿ ಇದೆ ಕಣೋ,’ ಅಂದಳು. ‘ಹಾಡೋರು ಮಾತ್ರ ಇನ್ನೂ ಬಂದಿಲ್ಲ.’

‘ಇದಕ್ಕೆ ಹಾಡೋರು ಇಲ್ಲ ಅಮ್ಮಮ್ಮ. ಇಷ್ಟೇ.’

‘ಹೌದಾ?’ ಎಂದವಳು ನಂಬಲಿಲ್ಲ ಅನ್ನಿಸುತ್ತದೆ. ಮತ್ತೆ ಕಾದಳು. ಮುಂದಿನ ಟ್ರ್ಯಾಕ್ ಶುರುವಾಯಿತು. ಅವಳ ಬೆರಳು ತೊಡೆಯ ಮೇಲೆ ತಾಳ ಹಾಕಲು ಏಳುತ್ತಿತ್ತು, ತಾಳ ಸಿಗದೆ ಸುಮ್ಮನಾಗುತ್ತಿತ್ತು.

ಏಳೋ ಎಂಟನೆಯದೋ ನಡೆಯುವಾಗ ಕರೆಂಟ್ ಬಂತು. ಜಗಲಿಯ ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿತು. ನಾನು ತಟ್ಟೆ ತೆಗೆಯಲು ಎದ್ದೆ.

‘ಲೈಟ್ ಆರ್ಸೋ ಮಾಣಿ,’ ಅಂದಳು ಅಮ್ಮಮ್ಮ. ‘ಅದು ಮುಗೀಲಿ.’